ಬಾಲ ಹಿಡಿದು ಪಡೆದ ಹಸು

‘ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು.’ ಈ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಕೊಂಕು ತೆಗೆಯುವವರ ಬಾಯಿ ಮುಚ್ಚಿಸಲು. ಮದುವೆಗೆ ಬಂದ ಸೀರೆಯ ಬಣ್ಣ ಚೆನ್ನಾಗಿಲ್ಲ ಎಂದು ಮೂಗು ಮುರಿದವರಿಗೆ ಮನೆಯ ಹಿರಿಯರು ಹೇಳುವ ಮಾತು ಅದು. ಆದರೆ ಬಂದ ಹಸು ಮುದಿಯಾಗಿದ್ದರೆ ಗಾದೆಗೆ ಅಂಥ ಕಷ್ಟವೇನಿಲ್ಲ. ಕಷ್ಟ ಬರುವುದು ಹಸು ಬಹಳ ಬೆಲೆಬಾಳುವಂಥದ್ದಾಗಿದ್ದಾಗ. ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ವೀಣೆ, ಚಿನ್ನದ ಬಳೆ ಅಥವಾ ಹಳೆಯ ಮೈಸೂರು ಶೈಲಿಯ ಚಿತ್ರ ಮನೆಯಲ್ಲಿದೆ. ಮಗಳ ಕಾಲೇಜಿನ ಫೀಸು ಕಟ್ಟಬೇಕು, ಇಲ್ಲವೇ ಆಸ್ಪತ್ರೆಯ ಬಿಲ್ಲು ತೀರಿಸಬೇಕು. ಆಗ ಅದನ್ನು ಮಾರಬಹುದೆ? ಗಾದೆ ಬೇಡ ಅನ್ನುತ್ತದೆಯೆ?

ಹಲ್ಲು ಎಣಿಸುವುದು ಎಲ್ಲಿಯ ಕೆಲಸ ಎಂಬುದನ್ನು ಮೊದಲು ನೋಡಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಹೋದರೆ ಅದು ಕಣ್ಣಿಗೇ ಬೀಳುತ್ತದೆ. ಕೊಳ್ಳುವವನು ದನದ ತುಟಿ ಸರಿಸಿ ಕೆಳದವಡೆ ನೋಡುತ್ತಾನೆ. ಮೇಲಿನ ದವಡೆಯಲ್ಲಿ ಮುಂಭಾಗದ ಹಲ್ಲೇ ಇರುವುದಿಲ್ಲ. ಸುಮಾರು ಎರಡು ವರ್ಷಕ್ಕೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಗಟ್ಟಿ ಹಲ್ಲು ಬರುತ್ತದೆ. ಆಮೇಲೆ ನಾಲ್ಕು, ಆರು, ಕೊನೆಗೆ ಎಂಟು. ಎಂಟೂ ಬಂದು ಬಾಯಿ ಕೂಡಿತೆಂದರೆ ವಯಸ್ಸು ನಾಲ್ಕೈದು ವರ್ಷ. ಮುಂದೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡುತ್ತಾರೆ. ಬಾಯಿ ನೋಡಿಯಾದ ಮೇಲೆ ದಲ್ಲಾಳಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಕೊಡುವವನು ಹಲ್ಲು ನೋಡದೆ ಕೊಂಡರೆ ಅದು ಪೆದ್ದತನ.

ದಾನದ ಹಸುವನ್ನು ಪಡೆಯುವ ಬಗೆ ಬೇರೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರದ ವ್ಯಾಖ್ಯಾನ ‘ಮಿತಾಕ್ಷರಾ’ದಲ್ಲಿ ಇದರ ವಿಚಾರ ಬರುತ್ತದೆ. ಆನೆಯನ್ನು ದಾನ ಪಡೆಯುವಾಗ ಸೊಂಡಿಲು ಮುಟ್ಟಬೇಕು, ಕುದುರೆಯಾದರೆ ಕೇಸರ, ಹಸುವಾದರೆ ಬಾಲ. ಈ ವಿವರ ನನಗೆ ಗಾದೆಯ ಬೀಗದ ಕೈಯಂತೆ ಕಾಣುತ್ತದೆ. ವ್ಯಾಪಾರ ಬಾಯಿಯಿಂದ ಶುರುವಾಗುತ್ತದೆ, ದಾನ ಬಾಲದಿಂದ. ಬಾಲ ಹಿಡಿದು ನಿಂತವನಿಗೆ ಹಲ್ಲು ಕಾಣುವುದೇ ಇಲ್ಲ. ಗೆಳೆಯ ಕೈಯಲ್ಲಿಟ್ಟ ಗಳಿಗೆಯಲ್ಲಿ ನಾವು ನಿಲ್ಲಬೇಕಾದ ಜಾಗ ಅದು. ಪೊಟ್ಟಣ ಬಿಚ್ಚುವಾಗಲೇ ‘ಎಷ್ಟಾಗಿರಬಹುದು’ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದರೆ, ನಾವು ಹಸುವಿನ ಹಲ್ಲು ಬಿಟ್ಟು ಗೆಳೆಯನ ಹಲ್ಲನ್ನೇ ಎಣಿಸುತ್ತಿದ್ದೇವೆ ಎಂದರ್ಥ.

ದಾನ ಎಂದರೆ ತನ್ನ ಒಡೆತನ ಬಿಡುವುದು ಮತ್ತು ಇನ್ನೊಬ್ಬರ ಒಡೆತನ ಹುಟ್ಟಿಸುವುದು. ಪಡೆಯುವವನು ಒಪ್ಪಿಕೊಂಡಾಗಲೇ ಅದು ಪೂರ್ತಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾನೆ ವಿಜ್ಞಾನೇಶ್ವರ. ಕೊಟ್ಟು ಮರಳಿ ಪಡೆಯಬಾರದ ಏಳು ಬಗೆಯನ್ನು ನಾರದಸ್ಮೃತಿ ಎಣಿಸುತ್ತದೆ. ಸ್ನೇಹದಿಂದ ಕೊಟ್ಟದ್ದು ಅವುಗಳಲ್ಲಿ ಒಂದು. ಅಂದಮೇಲೆ ಗೆಳೆಯ ಕೊಟ್ಟ ಬಳೆ ನಿಮ್ಮದೇ. ಅದನ್ನು ಮಾರಿದರೆ ಯಾರ ಸ್ವತ್ತನ್ನೂ ಕದ್ದಂತಾಗುವುದಿಲ್ಲ. ‘ಕೊಟ್ಟದ್ದನ್ನು ಮಾರಿಬಿಟ್ಟನಂತೆ’ ಎಂದು ಆಡಿಕೊಳ್ಳುವ ಊರಿಗೆ ಈ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು ಎಂದು ನನಗನ್ನಿಸುತ್ತದೆ. ಮಾರಲೇಬಾರದು ಎಂಬ ಷರತ್ತಿನೊಂದಿಗೆ ಬಂದದ್ದು ಉಡುಗೊರೆಯಲ್ಲ, ಕಾವಲು ಕೆಲಸ.

ಇಂದಿನ ಕಾನೂನು ಮಾತ್ರ ಹಲ್ಲು ಎಣಿಸಿಯೇ ತೀರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ‘ಸಂಬಂಧಿ’ಗಳ ಪಟ್ಟಿಯಲ್ಲಿ ಗೆಳೆಯನಿಗೆ ಜಾಗವಿಲ್ಲ. ಮದುವೆಯಂಥ ಸಂದರ್ಭ ಬಿಟ್ಟರೆ, ಸಂಬಂಧಿಗಳಲ್ಲದವರಿಂದ ವರ್ಷದಲ್ಲಿ ಬಂದ ಆಭರಣ, ಚಿತ್ರ, ಶಿಲ್ಪಗಳ ಮಾರುಕಟ್ಟೆ ಬೆಲೆ 50,000 ರೂಪಾಯಿ ದಾಟಿದರೆ ಆ ಪೂರ್ತಿ ಮೊತ್ತ ಪಡೆದವರ ಆದಾಯ. ಹಾಗಾಗಿ ಬೆಲೆ ಕಟ್ಟಿಸಿ ನೋಡಿದ್ದಕ್ಕೇ ಯಾರೂ ನಾಚಬೇಕಿಲ್ಲ. ಬೆಲೆ ತಿಳಿದ ಮೇಲೆ ಗೆಳೆಯನನ್ನು ನೋಡುವ ಕಣ್ಣು ಬದಲಾಯಿತೆ ಎಂಬುದಷ್ಟೇ ಪ್ರಶ್ನೆ.

ಇಟ್ಟುಕೊಂಡರೆ ಗೌರವ, ಮಾರಿದರೆ ಅವಮಾನ ಎಂಬ ಸುಲಭದ ಲೆಕ್ಕವನ್ನು ಕೆಡಿಸುವ ಕಥೆಯೊಂದು ಪ್ಯಾರಿಸ್ಸಿನದು. 1868–69ರ ಸುಮಾರಿಗೆ ಚಿತ್ರಕಾರ ದೆಗಾ ತನ್ನ ಗೆಳೆಯ, ಚಿತ್ರಕಾರನೇ ಆದ ಮಾನೆಯ ಚಿತ್ರ ಬರೆದ. ಸೋಫಾದ ಮೇಲೆ ಒರಗಿದ ಮಾನೆ, ಪಿಯಾನೊ ಎದುರು ಅವನ ಹೆಂಡತಿ ಸುಝಾನ್. ಅದನ್ನು ಮಾನೆಗೇ ಕೊಟ್ಟ. ಹೆಂಡತಿಯ ಮುಖ ಸರಿಬಂದಿಲ್ಲ ಅನ್ನಿಸಿತೋ ಏನೋ, ಮಾನೆ ಕ್ಯಾನ್ವಾಸಿನ ಆ ಭಾಗವನ್ನೇ ಕತ್ತರಿಸಿಬಿಟ್ಟ. ಅದನ್ನು ಕಂಡ ದೆಗಾ ಮಾತಾಡದೆ ಚಿತ್ರವನ್ನು ಎತ್ತಿಕೊಂಡು ಹೋದ. ಮಾನೆ ತನಗೆ ಕೊಟ್ಟಿದ್ದ ಪುಟ್ಟ ಚಿತ್ರವನ್ನು ವಾಪಸ್ ಕಳಿಸಿದ. ಮುಂದೆ ಇಬ್ಬರೂ ರಾಜಿಯಾದರು. ದೆಗಾ ಆ ಪುಟ್ಟ ಚಿತ್ರವನ್ನು ಮತ್ತೆ ಬಯಸಿದಾಗ ಮಾನೆ ಅದನ್ನು ಮಾರಿಯಾಗಿತ್ತು. ಹೀಗೆಂದು ಚಿತ್ರವ್ಯಾಪಾರಿ ವೋಲಾರ್ ಬರೆದಿಟ್ಟಿದ್ದಾನೆ. ಕತ್ತರಿಸಿದ ಚಿತ್ರ ಈಗ ಜಪಾನಿನ ಕಿಟಕ್ಯೂಶು ನಗರದ ಮ್ಯೂಸಿಯಂನಲ್ಲಿದೆ. ಮಾನೆ ಆ ಉಡುಗೊರೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದ, ಆದರೂ ಗೆಳೆಯನ ಮನಸ್ಸನ್ನು ಅಷ್ಟು ನೋಯಿಸಿದ. ವಾಪಸ್ ಕಳಿಸಿದ್ದು ದೆಗಾನ ತಪ್ಪು ಎನ್ನುತ್ತೇನೆ. ಉಡುಗೊರೆ ಹಿಂದಿರುಗಿಸುವುದೆಂದರೆ ‘ನಿನ್ನ ಕೈಯಿಂದ ನಾನೇನೂ ಪಡೆದೇ ಇಲ್ಲ’ ಎಂದ ಹಾಗೆ. ಮಾರಾಟ ಅಷ್ಟು ಕಠೋರವಲ್ಲ.

ಪಿಕಾಸೊಗೆ ಕ್ಷೌರ ಮಾಡುತ್ತಿದ್ದ ಯುಜೆನಿಯೊ ಅರಿಯಾಸ್ ಇನ್ನೊಂದು ದಾರಿ ಹಿಡಿದ. ಸ್ಪೇನಿನ ಅಂತರ್ಯುದ್ಧದ ನಂತರ ದೇಶಬಿಟ್ಟು ಬಂದವನು, ದಕ್ಷಿಣ ಫ್ರಾನ್ಸಿನ ವಲೋರಿಸ್‌ನಲ್ಲಿ ಅಂಗಡಿ ಇಟ್ಟಿದ್ದ. ಕೂಲಿ ಎಂದು ದುಡ್ಡು ತೆಗೆದುಕೊಳ್ಳದ ಆ ಗೆಳೆಯನಿಗೆ ಪಿಕಾಸೊ ಚಿತ್ರ, ಪಿಂಗಾಣಿ, ಗೂಳಿಕಾಳಗದ ಚಿತ್ರ ಸುಟ್ಟು ಬರೆದ ಕ್ಷೌರದ ಪೆಟ್ಟಿಗೆ ಎಂದು ಕೊಡುತ್ತಲೇ ಹೋದ. ಅವನ್ನು ಮಾರಿದ್ದರೆ ಅರಿಯಾಸ್ ಸಿರಿವಂತನಾಗುತ್ತಿದ್ದ. ಅವನು ಆ ಸಂಗ್ರಹವನ್ನು ತನ್ನ ಹುಟ್ಟೂರು ಬುಯಿತ್ರಾಗೊಗೆ ಬಿಟ್ಟುಕೊಟ್ಟ. 1985ರಲ್ಲಿ ಅಲ್ಲಿ ಮ್ಯೂಸಿಯಂ ತೆರೆಯಿತು. ದೊಡ್ಡ ಮನಸ್ಸು. ಆದರೂ ಇದನ್ನು ಎಲ್ಲರ ಮುಂದೆ ಅಳತೆಗೋಲಾಗಿ ಹಿಡಿಯಲಾರೆ. ಡಯಾಲಿಸಿಸ್‌ಗೆ ದುಡ್ಡು ಹೊಂದಿಸುತ್ತಿರುವವರಿಗೆ ಅರಿಯಾಸನನ್ನು ತೋರಿಸುವುದು ಕ್ರೌರ್ಯ.

ಕಷ್ಟಕ್ಕೆ ಮಾರುವುದು ಬೇರೆ, ಬೆಲೆ ಏರಿದೆ ಎಂದು ಮಾರುವುದು ಬೇರೆ. ಎರಡನೆಯದರಲ್ಲಿ ಗೆಳೆಯನ ಪ್ರೀತಿ ಬಂಡವಾಳವಾಗಿಬಿಡುತ್ತದೆ. ಅದನ್ನು ನಾನು ಮೆಚ್ಚಲಾರೆ. ಕಷ್ಟಕ್ಕೆ ಮಾರುವವರು ಮಾತ್ರ ತಲೆ ತಗ್ಗಿಸಬೇಕಿಲ್ಲ, ಆದರೆ ಗೆಳೆಯನಿಗೆ ಮೊದಲೇ ಹೇಳಬೇಕು. ಅಂಗಡಿಯ ಗಾಜಿನ ಹಿಂದೆ ಅವನೇ ಅದನ್ನು ನೋಡುವಂತಾಗಬಾರದು. ‘ಮಾರಲಾ?’ ಎಂದು ಕೇಳುವುದೂ ಸರಿಯಲ್ಲ. ಬೇಡ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ, ಹೂಂ ಅಂದರೆ ಮನಸ್ಸಿಗೆ ನೋವು. ‘ಹೀಗೀಗೆ ಆಗಿದೆ ಕಣೋ, ನೀನು ಕೊಟ್ಟ ವೀಣೆ ಮಾರುತ್ತಿದ್ದೇನೆ’ ಎಂದರೆ ಸಾಕು. ಅವನು ಕೊಟ್ಟದ್ದು ನಮ್ಮ ಕಷ್ಟಕ್ಕೆ ಒದಗಿತು ಎಂಬುದೂ ಆ ಮಾತಿನಲ್ಲೇ ಅವನಿಗೆ ತಲುಪುತ್ತದೆ.

ಕೊಟ್ಟವನು ತೀರಿಕೊಂಡಿದ್ದರೆ ಅವನ ಮಕ್ಕಳಿಗೆ ಹೇಳಿಕಳಿಸಬೇಕು. ಅಪ್ಪನ ಕೈ ಆಡಿದ ವೀಣೆಯನ್ನು ತಾವೇ ಕೊಳ್ಳುತ್ತೇವೆ ಎಂದು ಅವರು ಮುಂದೆ ಬಂದರೆ, ಅಂಗಡಿಯವನು ಹೇಳಿದ್ದಕ್ಕಿಂತ ಕಡಿಮೆ ಬೆಲೆಗಾದರೂ ಅವರಿಗೇ ಕೊಡಬೇಕು.