ಏಳನೆಯ ದಿನ ಯಾರದು?

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಹೆಸರಿದೆ. ಅದೇ ಸೀಮೆಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಸುದ್ದಿ ಅಷ್ಟಾಗಿ ಹೊರಗೆ ಬರುವುದಿಲ್ಲ. ಇಂಥ ಕಡೆ ಸಮಾಜಸೇವೆಗೆ ನಿಂತವರಿಗೆ ಹೊತ್ತುಗೊತ್ತು ಇರುವುದಿಲ್ಲ. ಹೆಣ್ಣುಮಕ್ಕಳ ಸಂಘ ಸೇರುವುದೇ ಕೂಲಿ ಮುಗಿದು, ರೊಟ್ಟಿ ಬಡಿದಾದ ಮೇಲೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲೇ. ಅದರ ಬೆನ್ನಿಗೇ ಮಹಾರಾಷ್ಟ್ರದಿಂದ ಕೂಲಿಕಾರರು ಮರಳತೊಡಗಿದರು. ಆಗ ‘ಇವತ್ತು ರಜೆ’ ಎನ್ನಲು ಯಾವ ಕಾರ್ಯಕರ್ತರಿಗೆ ಬಾಯಿ ಬಂದೀತು?

ಹೀಗೆ ಬಿಡುವಿಲ್ಲದೆ ದುಡಿದವರ ದಣಿವಿಗೆ ‘ಬರ್ನ್‌ಔಟ್’ ಎಂಬ ಹೆಸರು ಮನಶ್ಶಾಸ್ತ್ರದಲ್ಲಿ ನೆಲೆಯಾದದ್ದು 1974ರಲ್ಲಿ, ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರೆದ ಲೇಖನದಿಂದ. ಅವರು ಗಮನಿಸಿದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಸ್ವಯಂಸೇವಕರನ್ನು. ಮೊದಲು ಸೋಲುತ್ತಿದ್ದವರು ಮೈಗಳ್ಳರಲ್ಲ, ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿದವರು.

ಬೈಬಲ್ಲಿನ ಎಲೀಯನೂ ಅಂಥವನೇ. ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ, ರಾಣಿಯ ಬೆದರಿಕೆಗೆ ಅಂಜಿ ಅಡವಿ ಸೇರಿ, ಗಿಡವೊಂದರ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಬರುತ್ತಾನೆ. ಉಪದೇಶವಿಲ್ಲ, ಬೈಗುಳವಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸುವುದೂ ಉಣ್ಣುವುದಕ್ಕೇ. ‘ನಿನ್ನ ವಿಶ್ವಾಸ ಕಡಿಮೆಯಾಯಿತು’ ಎಂದು ದಣಿದವರ ಮೇಲೆ ಹರಿಹಾಯುವ ಧರ್ಮಗುರುಗಳು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ದಣಿದವರಿಗೆ ಬಿಡುವು ಬೇಕೆಂಬ ಈ ಅರಿವಿನ ಬೇರು ಸಬ್ಬತ್ ಎಂಬ ಕಲ್ಪನೆಯಲ್ಲಿದೆ. ವಾರಕ್ಕೊಂದು ದಿನ ಕೆಲಸ ನಿಲ್ಲಿಸಬೇಕೆಂಬ ಈ ಕಟ್ಟಳೆಗೆ ಬೈಬಲ್ ಎರಡು ಕಾರಣ ಕೊಡುತ್ತದೆ. ವಿಮೋಚನಾಕಾಂಡದಲ್ಲಿ, ಸೃಷ್ಟಿ ಮುಗಿಸಿದ ದೇವರೇ ವಿರಮಿಸಿದ. ಧರ್ಮೋಪದೇಶಕಾಂಡದಲ್ಲಿ, ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿ. ಎರಡನೆಯದು ಹೆಚ್ಚು ಹರಿತ: ನಿಲ್ಲಿಸುವ ಹಕ್ಕಿಲ್ಲದೆ ದುಡಿಯುವವನು ಗುಲಾಮ, ಒಡೆಯನ ಹೆಸರು ಫರೋಹನಾಗಲಿ, ‘ಸೇವೆ’ಯಾಗಲಿ. ಲೋಕವನ್ನು ಉಳಿಸುವ ಹೊಣೆ ಕಡೆಗೂ ತನ್ನದಲ್ಲ ಎಂದು ನಂಬಿದವರಷ್ಟೇ ನಿಶ್ಚಿಂತೆಯಿಂದ ಮಲಗಬಲ್ಲರು.

ಕಾಯಕವೇ ಕೈಲಾಸ ಎಂದ ಶರಣರ ಈ ನೆಲದಲ್ಲಿ ಬಿಡುವು ತಪ್ಪಲ್ಲವೇ ಎನ್ನಬಹುದು. ಆದರೆ ಶರಣ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಸುರಿದು ಬನ್ನಿ ಎಂದವಳು ಆತನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಪುಣ್ಯದ ಕೆಲಸಕ್ಕೂ ಅಂಥದೊಂದು ಅಳತೆ ಬೇಡವೇ?

ಸಬ್ಬತ್ತಿನ ಆಜ್ಞೆ ಯಜಮಾನನಿಗೆ ಮಾತ್ರವಲ್ಲ. ಆಳುಮಕ್ಕಳು, ಪರದೇಶಿ, ದನಕರು ಎಲ್ಲರಿಗೂ ಅಂದು ಬಿಡುವು ಕೊಡಬೇಕು. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಕಥೋಲಿಕ ಧರ್ಮಪ್ರಾಂತ್ಯವಿರಲಿ, ಮೆಥೋಡಿಸ್ಟ್ ಸಭೆಗಳಿರಲಿ, ಭಾನುವಾರ ಪೂಜೆ, ಆರಾಧನೆ ನಡೆಸುವವರಿಗೆ ಅದೇ ದುಡಿಮೆಯ ದಿನ. ಹಾಗಾಗಿ ಅವರಿಗೂ, ತಾಂಡಾ ಸುತ್ತುವ ಕಾರ್ಯಕರ್ತೆಯರಿಗೂ ವಾರದಲ್ಲಿ ಬೇರೊಂದು ದಿನ ಗೊತ್ತುಮಾಡಿ, ಸಂಬಳ ಹಿಡಿಯದೆ, ಅಂದು ಫೋನ್ ಮಾಡದೆ ಇರುವುದನ್ನು ಸೇವಾಸಂಸ್ಥೆಗಳು ತಮ್ಮ ನಿಯಮಾವಳಿಯಲ್ಲೇ ಬರೆಯಲಿ.