ಕನ್ನಡಿಯ ಮುಂದಿನ ಚಿತ್ರಕಾರ

‘ನಾನಾರು?’ ಎಂಬ ಪ್ರಶ್ನೆಯು ವಿಚಾರವಂತನಾದ ಪ್ರತಿಯೊಬ್ಬನನ್ನೂ ಒಂದಿಲ್ಲೊಂದು ದಿನ ಕಾಡದೆ ಬಿಡದು. ಅನುಭಾವಿಗಳು ಇದರ ಉತ್ತರವನ್ನು ಅಂತರ್ಮುಖಿಗಳಾಗಿ ಅರಸಿದರು. ಆದರೆ ಕುಂಚವನ್ನು ಹಿಡಿದು, ಕನ್ನಡಿಯ ಮುಂದೆ ನಿಂತು, ಜೀವಮಾನವೆಲ್ಲ ತಮ್ಮ ಮುಖವನ್ನೇ ಮತ್ತೆ ಮತ್ತೆ ಬರೆದವರೂ ಉಂಟು. ತನ್ನ ರೂಪವನ್ನು ತಾನೇ ಚಿತ್ರಿಸಿಕೊಳ್ಳುವುದು ಆತ್ಮಶೋಧನೆಯೆನಿಸುವುದೇ, ಇಲ್ಲವೇ ಅದು ಅಹಂಕಾರದ ಇನ್ನೊಂದು ವೇಷವೇ?

ಈ ಪ್ರಶ್ನೆಗೆ ಹಾಲೆಂಡಿನ ರೆಂಬ್ರಾಂಟನ ಬಾಳು ಒಳ್ಳೆಯ ನಿದರ್ಶನ. 1606ರಲ್ಲಿ ಲೈಡನ್ ನಗರದಲ್ಲಿ ಗಿರಣಿಯವನೊಬ್ಬನ ಮಗನಾಗಿ ಹುಟ್ಟಿದ ಈತನು ಬರೆದುಕೊಂಡ ಸ್ವಂತ ವರ್ಣಚಿತ್ರಗಳು ಸುಮಾರು 40. ತಾಮ್ರದ ತಗಡಿನಿಂದ ಅಚ್ಚೊತ್ತಿದವನ್ನೂ ರೇಖಾಚಿತ್ರಗಳನ್ನೂ ಕೂಡಿಸಿದರೆ ಸುಮಾರು 80. ತಾರುಣ್ಯದಲ್ಲಿ ಆತನು ಕನ್ನಡಿಯ ಮುಂದೆ ನಕ್ಕು, ಹುಬ್ಬು ಗಂಟಿಕ್ಕಿ, ಬಾಯ್ದೆರೆದು, ಭಾವಗಳು ಮುಖದಲ್ಲಿ ಮೂಡುವ ಬಗೆಯನ್ನು ಅಭ್ಯಾಸ ಮಾಡಿದನು. 1640ರ ಚಿತ್ರದಲ್ಲಿ ಮಖಮಲ್ಲಿನ ಟೊಪ್ಪಿಗೆ, ಬೆಲೆಬಾಳುವ ಉಡುಪು, ಹಿಂದಿನ ಇಟಲಿಯ ಮಹಾಕಲಾವಿದರನ್ನು ನೆನಪಿಸುವ ನಿಲುವು! ಲೋಕವು ತನ್ನನ್ನು ಹೇಗೆ ಕಾಣಬೇಕೆಂದು ಬಯಸಿದನೋ ಹಾಗೆ ಬರೆದುಕೊಂಡನೆಂದು ನೋಡುವವರಿಗೆ ತೋರುವುದು.

ಆದರೆ ಕಾಲವು ಯಾರನ್ನೂ ಬಿಟ್ಟುದಿಲ್ಲ. ಪತ್ನಿಯಲ್ಲಿ ಹುಟ್ಟಿದ ನಾಲ್ವರು ಮಕ್ಕಳಲ್ಲಿ ಮೂವರು ಶೈಶವದಲ್ಲಿಯೇ ತೀರಿಕೊಂಡರು. 1642ರಲ್ಲಿ ಪತ್ನಿ ಸಾಸ್ಕಿಯಾ ಮರಣಹೊಂದಿದಳು. 1656ರಲ್ಲಿ ಆತನು ದಿವಾಳಿಯಾದನು. ಸಂಗ್ರಹಿಸಿದ ಕಲಾವಸ್ತುಗಳೂ ವಾಸದ ಮನೆಯೂ ಮಾರಾಟವಾದವು. 1668ರಲ್ಲಿ ಉಳಿದೊಬ್ಬ ಮಗ ಟೈಟಸನೂ ಇಲ್ಲವಾದನು. ಸಂಪತ್ತು ಹೋಯಿತು, ಸಂಸಾರ ಹೋಯಿತು. ಕನ್ನಡಿಯ ಮುಂದೆ ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ತೀರಿಕೊಂಡ ವರ್ಷವಾದ 1669ರಲ್ಲಿ ಬರೆದ ಚಿತ್ರದಲ್ಲಿ ಜೋತ ಕೆನ್ನೆ, ಸುಕ್ಕುಗಟ್ಟಿದ ಹಣೆ, ನರೆತ ಕೂದಲು ಇದ್ದಂತೆಯೇ ಇವೆ. ಮರೆಮಾಚುವ ಯತ್ನವಿಲ್ಲ, ಕನಿಕರವನ್ನು ಬೇಡುವ ದೈನ್ಯವೂ ಇಲ್ಲ. 1640ರ ಚಿತ್ರವೂ ಇದೂ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿಯೇ ಇವೆ. ಎರಡೂ ಒಬ್ಬನ ಮುಖವೇ. ಆದರೆ ಮೊದಲನೆಯದರಲ್ಲಿ ಕಣ್ಣು ಉಡುಪಿನ ಮೇಲೆ ನಿಲ್ಲುವುದು, ಎರಡನೆಯದರಲ್ಲಿ ಮನುಷ್ಯನ ಮೇಲೆ.

ಇವು ಹಣಕ್ಕಾಗಿ ಬರೆದವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಸಿದ್ಧ ಕಲಾವಿದನ ಮುಖಚಿತ್ರವನ್ನು ಕೊಳ್ಳುವವರು ಆಗ ಇದ್ದುದು ನಿಜ. ಆದರೆ ಉದ್ದೇಶವೇನೇ ಇರಲಿ, ಪ್ರಾಮಾಣಿಕವಾದ ಕೆಲಸವು ಕೆಲಸಗಾರನನ್ನು ತಿದ್ದದೆ ಇರದು. ಮನಸ್ಸು ತನ್ನ ಬಗೆಗೆ ಇಷ್ಟವಾದುದನ್ನು ಹೇಳುತ್ತದೆ. ಕೈ ಮಾತ್ರ ಕಣ್ಣಿಗೆ ಕಂಡ ನೆರಳನ್ನು ಕಂಡಲ್ಲಿಯೇ ಇಡಬೇಕು. ಗಂಟೆಗಟ್ಟಲೆ ಹೀಗೆ ನೋಡುವಾಗ ತನ್ನ ಮುಖವು ಇನ್ನೊಬ್ಬರ ಮುಖದಂತೆ ಕಾಣತೊಡಗುವುದು. ‘ನನ್ನದು’ ಎಂಬ ಮಮತೆ ಸಡಿಲಿದಷ್ಟೂ ‘ನಾನು’ ಎಂಬುದರ ನಿಜ ಸ್ಪಷ್ಟವಾಗುವುದು.

ಇನ್ನೊಂದು ಸಂಗತಿ ಗಮನಾರ್ಹ. ಲಂಡನ್ನಿನ ಕೆನ್‌ವುಡ್ ಭವನದಲ್ಲಿರುವ, ಕೊನೆಯ ವರ್ಷಗಳ ಸ್ವಚಿತ್ರವೊಂದರಲ್ಲಿ ಆತನು ಬಣ್ಣದ ಹಲಗೆ-ಕುಂಚಗಳನ್ನು ಹಿಡಿದು ನಿಂತಿದ್ದಾನೆ. ಮೊದಲು ಕನ್ನಡಿಯಲ್ಲಿ ಕಂಡಂತೆ ಕೈಗಳನ್ನು ಅದಲುಬದಲಾಗಿ ಬರೆದು, ಬಳಿಕ ತಿದ್ದಿದನೆಂಬುದು ಕ್ಷ-ಕಿರಣ ಪರೀಕ್ಷೆಯಿಂದ ತಿಳಿದುಬಂದಿದೆ. ಕನ್ನಡಿಯೂ ಎಡವನ್ನು ಬಲವಾಗಿ ತೋರಿಸುವುದು! ಅದು ತೋರಿದುದನ್ನೂ ವಿವೇಕದಿಂದ ಒರೆಹಚ್ಚಿ ಸ್ವೀಕರಿಸಬೇಕಾಗುತ್ತದೆ. ಲೋಕದ ಹೊಗಳಿಕೆ-ತೆಗಳಿಕೆಗಳೆಂಬ ಕನ್ನಡಿಗೂ ಈ ಮಾತು ಸಲ್ಲುವುದು.

ಶರಣರು ಅರಿವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಮಾಡುವ ಕೆಲಸದಲ್ಲಿಯೇ ತನ್ನನ್ನು ಕಂಡುಕೊಳ್ಳಬೇಕೆಂಬ ಅವರ ನಿಲುವಿಗೆ ದೂರದೇಶದ ಈ ಚಿತ್ರಕಾರನ ಬಾಳು ಸಾಕ್ಷಿಯಂತಿದೆ. ಇಂದು ಅಂಗೈಯಲ್ಲಿನ ಮೊಬೈಲಿನಿಂದ ಕ್ಷಣಾರ್ಧದಲ್ಲಿ ನೂರು ಸ್ವಂತ ಚಿತ್ರಗಳನ್ನು ತೆಗೆದು, ಮೆಚ್ಚಿದ ಒಂದನ್ನಿಟ್ಟು ಉಳಿದವನ್ನು ಅಳಿಸಿಬಿಡುತ್ತೇವೆ. ಹೀಗೆ ಅಳಿಸಿದವುಗಳಲ್ಲಿಯೇ ನಮ್ಮ ನಿಜವಾದ ಮುಖವಿದ್ದೀತು. ಮನೆಯ ಮಕ್ಕಳಿಗೆ ಒಂದು ಕಾಗದ, ಒಂದು ಪೆನ್ಸಿಲು, ಒಂದು ಕನ್ನಡಿಯನ್ನು ಕೊಟ್ಟು ಅರ್ಧ ಗಂಟೆ ಕುಳ್ಳಿರಿಸಿ ನೋಡಿರಿ; ನೀವೂ ಜೊತೆಗೆ ಕುಳಿತುಕೊಳ್ಳಿರಿ. ಚಿತ್ರ ಚೆನ್ನಾಗಿ ಬರಬೇಕೆಂಬ ನಿಯಮವಿಲ್ಲ. ಕಂಡುದನ್ನು ಮುಚ್ಚಿಡದೆ ಬರೆಯುವ ಧೈರ್ಯ ಬಂದರೆ, ಅಷ್ಟರಮಟ್ಟಿಗೆ ಸಾಧನೆ ಫಲಿಸಿತೆಂದೇ ತಿಳಿಯಬೇಕು.