ಕಣ್ಣಿನ ಸಾಕ್ಷಿಗೆ ಜಾಮೀನು ಯಾರು?

ಸ್ಕಿಜೋಫ್ರೀನಿಯಾ ಹೊಕ್ಕ ಮನೆಗಳಲ್ಲಿ ಒಂದು ಆಸೆ ಒಳಗೊಳಗೇ ಇರುತ್ತದೆ: ಈ ಕಾಯಿಲೆ ಯಾವುದಾದರೂ ಯಂತ್ರಕ್ಕೆ ಸಿಕ್ಕಿಬಿಡಲಿ. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಸಕ್ಕರೆ ರಕ್ತದಲ್ಲಿ ಸಿಗುತ್ತದೆ. ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತದೆ ಎನ್ನುವವನಿಗೆ ಮಾತ್ರ ತೋರಿಸಲು ಏನೂ ಇಲ್ಲ. ‘ಎಲ್ಲಾ ನಾಟಕ’ ಎನ್ನುವ ನೆಂಟರ ಬಾಯಿ ಮುಚ್ಚಿಸಲು ಒಂದು ಚಿತ್ರವಿದ್ದಿದ್ದರೆ! ಕಣ್ಣಿನ ಸ್ಕ್ಯಾನಿನಲ್ಲಿ ಈ ಕಾಯಿಲೆಯ ಗುರುತು ಕಾಣುತ್ತದೆ ಎಂಬ ಸುದ್ದಿ ಬಂದಾಗಲೆಲ್ಲ ಈ ಆಸೆ ಚಿಗುರುತ್ತದೆ.

ಸುದ್ದಿಯಲ್ಲಿ ಹುರುಳಿಲ್ಲವೆಂದಲ್ಲ. ಕಣ್ಣಿನೊಳಗಿನ ರೆಟಿನಾ ಭ್ರೂಣದಲ್ಲಿ ಮಿದುಳಿನಿಂದಲೇ ಚಾಚಿಕೊಂಡು ಬೆಳೆದ ನರಪದರ. 1991ರಲ್ಲಿ ಬಂದ ಓಸಿಟಿ ಎಂಬ ಸ್ಕ್ಯಾನ್ ತಂತ್ರ ಬೆಳಕು ಹಾಯಿಸಿ ಅದರ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಇಲ್ಲಿನ ನರತಂತುಗಳ ಪದರ ಸರಾಸರಿಯಲ್ಲಿ ತುಸು ತೆಳುವಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಕಣ್ಣಿನ ರಕ್ತನಾಳಗಳ ಅಂಕುಡೊಂಕನ್ನು ಅಳೆದು ಅಲ್ಲಿಯೂ ವ್ಯತ್ಯಾಸ ಗುರುತಿಸಿದ್ದಾರೆ.

ಆದರೆ ಸರಾಸರಿ ಎಂಬುದು ಗುಂಪಿನ ಗುಣ. ಕಾಯಿಲೆಯಿಲ್ಲದ ಎಷ್ಟೋ ಜನರ ಪದರ ರೋಗಿಗಳದ್ದಕ್ಕಿಂತ ತೆಳುವಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು ಇವೂ ರೆಟಿನಾವನ್ನು ಕಾಡುತ್ತವೆ. ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಇವು ಹೆಚ್ಚು, ಕೆಲವು ಔಷಧಿಗಳಿಂದಲೇ ತೂಕವೂ ಸಕ್ಕರೆಯೂ ಏರುತ್ತವೆ. ಹಾಗಾದರೆ ತೆಳುವಾದ ಪದರ ಹೇಳುತ್ತಿರುವುದು ಕಾಯಿಲೆಯ ಕಥೆಯನ್ನೋ, ಕಾಯಿಲೆಯೊಡನೆ ಬದುಕಿದ ವರ್ಷಗಳ ಕಥೆಯನ್ನೋ?

ಪರೀಕ್ಷೆ ಬಲು ನಿಖರವೆಂದೇ ಇಟ್ಟುಕೊಳ್ಳಿ: ರೋಗವಿದ್ದರೂ ಇಲ್ಲದಿದ್ದರೂ ನೂರಕ್ಕೆ 90 ಸಲ ಸರಿ. ಜಗತ್ತಿನಲ್ಲಿ ಸುಮಾರು 300 ಜನರಿಗೊಬ್ಬರಿಗೆ ಈ ಕಾಯಿಲೆ. 3000 ಮಂದಿಯ ಕಣ್ಣು ನೋಡಿದರೆ ನಿಜವಾದ 10 ರೋಗಿಗಳಲ್ಲಿ 9 ಜನ ಸಿಗುತ್ತಾರೆ. ಜೊತೆಗೆ ಏನೂ ಇಲ್ಲದ 299 ಜನರೂ ಸಿಗುತ್ತಾರೆ. ಹೆಣ್ಣು-ಗಂಡು ನೋಡುವಾಗ ಮನೆತನದ ಹುಚ್ಚಿನ ಬಗ್ಗೆ ಗುಟ್ಟಾಗಿ ವಿಚಾರಿಸುವ ಸಮಾಜದಲ್ಲಿ ಆ 299 ಜನರ ಗತಿ ಊಹಿಸಿ.

ನನ್ನ ತಕರಾರು ಇನ್ನೂ ಬುಡದ್ದು. ಆ ಅಧ್ಯಯನಗಳಲ್ಲಿ ಇವರು ರೋಗಿಗಳು, ಇವರು ಅಲ್ಲ ಎಂದು ಮೊದಲು ವಿಂಗಡಿಸಿದ್ದು ಹೇಗೆ? ಮನೋವೈದ್ಯರು ಎದುರು ಕೂತು, ಮಾತಾಡಿಸಿ, ಮನೆಯವರನ್ನು ಕೇಳಿ. ಸ್ಕ್ಯಾನಿಗೆ ಅರ್ಥ ಬಂದದ್ದೇ ಆ ಮಾತುಕತೆಯಿಂದ. ಮಾತು ನಂಬಲರ್ಹವಲ್ಲ ಎಂದು ಯಂತ್ರದ ಕಡೆ ಓಡುವವರು, ಅದೇ ಮಾತಿನ ಜಾಮೀನಿನ ಮೇಲೆ ನಿಂತ ಯಂತ್ರವನ್ನು ನಂಬುತ್ತಿರುತ್ತಾರೆ.

ದೇಹದಲ್ಲಿ ಗುರುತು ಸಿಕ್ಕರೆ ‘ಸಾಕಿದ್ದು ಸರಿಯಿಲ್ಲ’ ಎಂಬ ಮಾತು ಕೇಳಿಸಿಕೊಂಡ ತಾಯಿಯ ಎದೆ ಹಗುರಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದು ಸಣ್ಣ ಲಾಭವಲ್ಲ. ಆದರೆ ಆ ನೆಮ್ಮದಿಗೊಂದು ಷರತ್ತು ಅಂಟಿಕೊಂಡಿದೆ. ಪದರ ದಪ್ಪಗಿರುವ ರೋಗಿ ಏನು ಮಾಡಬೇಕು? ಅವನಿಗೆ ಕೇಳುವ ದನಿ ಆಗ ಸುಳ್ಳಾಯಿತೇ?

ಗುಂಪುಗಳ ಅಧ್ಯಯನಕ್ಕೆ, ರೋಗದ ಹಾದಿ ತಿಳಿಯಲಿಕ್ಕೆ ಸ್ಕ್ಯಾನ್ ಧಾರಾಳವಾಗಿ ಬಳಕೆಯಾಗಲಿ. ಆದರೆ ಸರ್ಕಾರದ ಹಣ ಎಲ್ಲಿ ಹೋಗಬೇಕೆಂದು ಕೇಳಿದರೆ, ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ಪ್ರತಿ ರೋಗಿಯ ಮಾತು ಕೇಳಲು ಇನ್ನೊಂದಿಷ್ಟು ನಿಮಿಷ ಸಿಗುವಷ್ಟು ಹುದ್ದೆಗಳನ್ನು ಮೊದಲು ತುಂಬಿ ಎನ್ನುತ್ತೇನೆ.